ಯೆಜಿಡೆ ಅಂದರೆ ‘ಅವ್ವ ಎದ್ದು ಬಂದಳು’

ಪಕ್ಕದ ಮನೆಯ ಹುಡುಗಿ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಹೆಣ್ಣು ಮಗು. ಮೂಲಾ ನಕ್ಷತ್ರ, ಒಂದನೇ ಪಾದ. ಪಂಚಾಂಗದ ಪ್ರಕಾರ ಆ ಪಾದದ ಅಕ್ಷರ ‘ಯೇ’. ಯಶೋದಾ, ಯಮುನಾ ಎಲ್ಲ ‘ಯ’ಕ್ಕೆ ಸರಿ. ‘ಯೇ’ ಅಂತ ಶುರುವಾಗುವ ಹೆಣ್ಣು ಹೆಸರು ಮಾತ್ರ ನಮ್ಮಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಮಗು ಮಲಗಿದಾಗೆಲ್ಲ ಅವಳ ಕೈ ಮೊಬೈಲಿಗೆ ಹೋಗುತ್ತಿತ್ತು. ಒಂದು ದಿನ ಹೆಸರುಗಳ ಪಟ್ಟಿಯೊಂದರ ಫೋಟೊ ನನಗೆ ಕಳಿಸಿದಳು. ಅದರಲ್ಲಿ ಒಂದು ಸಾಲಿಗೆ ಗೆರೆ ಎಳೆದಿದ್ದಳು. ‘ಯೆಜಿಡೆ. ಆಫ್ರಿಕಾದ ಅಪರೂಪದ ಹೆಸರು. ಅರ್ಥ: ತಾಯಿಯ ಪ್ರತಿರೂಪ.’ ಕೆಳಗೆ ಅವಳದೇ ಮಾತು: ‘ಚೆನ್ನಾಗಿದೆ ಅಲ್ವಾ ಆಂಟಿ? ನಿಜವಾಗ್ಲೂ ಇದೇ ಅರ್ಥಾನಾ, ಸ್ವಲ್ಪ ನೋಡಿ ಹೇಳಿ.’

ಹೆಸರು ಚೆನ್ನಾಗಿದೆ, ಸಂಶಯವೇ ಇಲ್ಲ. ಆದರೆ ಆ ಪಟ್ಟಿ ಹೇಳಿದ್ದು ಅರೆಬರೆ. ಯಾಕೆ ಅಂತ ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ‘ಆಫ್ರಿಕಾದ ಹೆಸರು’ ಅನ್ನುವ ಮಾತು. ಆಫ್ರಿಕಾದಲ್ಲಿ 54 ದೇಶಗಳಿವೆ, ಸುಮಾರು 2000 ಭಾಷೆಗಳಿವೆ. ನೈಜೀರಿಯಾ ಒಂದರಲ್ಲೇ 500ಕ್ಕೂ ಜಾಸ್ತಿ. ನಮ್ಮ ಗೌರಮ್ಮನ ಹೆಸರನ್ನು ಯಾರಾದರೂ ‘ಏಷ್ಯಾದ ಹೆಸರು’ ಅಂತ ಬರೆದರೆ ಎಷ್ಟು ತಿಳಿಯುತ್ತದೋ, ಇದೂ ಅಷ್ಟೇ. ಯೆಜಿಡೆ ಯೊರುಬಾ ಜನರ ಹೆಸರು. ನೈಜೀರಿಯಾದ ನೈಋತ್ಯ ಭಾಗ, ಅದಕ್ಕೆ ತಾಗಿಕೊಂಡ ಬೆನಿನ್, ಟೋಗೊ ದೇಶಗಳ ಒಂದಷ್ಟು ಭಾಗ ಇವರ ನಾಡು. ಲೇಗೋಸ್, ಇಬಾದಾನ್, ಅಬೆಯೊಕುಟಾ, ಓಯೊ, ಇಲೆ-ಇಫೆ ಇವರ ಊರುಗಳು. ಯೊರುಬಾ ಮಾತಾಡುವವರು 4 ಕೋಟಿಗೂ ಹೆಚ್ಚು. ಹತ್ತಿರ ಹತ್ತಿರ ಕನ್ನಡಿಗರಷ್ಟೇ ಜನ ಅನ್ನಿ.

ಈಗ ಅರ್ಥಕ್ಕೆ ಬರೋಣ. ಯೊರುಬಾ ಹೆಸರುಗಳು ಹೆಚ್ಚಾಗಿ ಒಂದು ಪದ ಆಗಿರುವುದಿಲ್ಲ. ಒಂದು ಇಡೀ ವಾಕ್ಯವನ್ನು ಒತ್ತಿ, ಮಡಚಿ ಹೆಸರು ಮಾಡಿರುತ್ತಾರೆ. ಕರ್ತೃ, ಕ್ರಿಯಾಪದ ಎಲ್ಲ ಒಳಗೇ ಇರುತ್ತವೆ. ಯೆಜಿಡೆಯನ್ನು ಬಿಡಿಸಿದರೆ ಮೂರು ತುಂಡು ಸಿಗುತ್ತದೆ. ‘ಯೆ’ ಅಂದರೆ ತಾಯಿ. ಇವತ್ತಿನ ಮಾತಿನಲ್ಲಿ ತಾಯಿಗೆ ‘ಇಯಾ’ ಅನ್ನುತ್ತಾರೆ, ‘ಯೆಯೆ’ ಅನ್ನುವುದು ಹಳೆಯ, ಗೌರವದ ರೂಪ. ‘ಜಿ’ ಅಂದರೆ ನಿದ್ದೆಯಿಂದ ಏಳು. ‘ಡೆ’ ಅಂದರೆ ಬಂದು ಸೇರು, ತಲುಪು. ಮೂರನ್ನೂ ಕೂಡಿಸಿ ಓದಿದರೆ ‘ಅವ್ವ ಎದ್ದು ಬಂದಳು’.

ಇಲ್ಲಿ ಕನ್ನಡ ನಮಗೆ ಚೆನ್ನಾಗಿ ಒದಗಿ ಬರುತ್ತದೆ. ಯೊರುಬಾದಲ್ಲಿ ಎರಡು ಕ್ರಿಯಾಪದಗಳನ್ನು ನಡುವೆ ಏನೂ ಇಲ್ಲದೆ ಒಂದರ ಪಕ್ಕ ಒಂದು ಇಡುತ್ತಾರೆ: ಏಳು, ಸೇರು. ನಾವು ‘ಎದ್ದು ಬಂದಳು’ ಅಂದಾಗಲೂ ಎರಡು ಕೆಲಸ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ‘ಮತ್ತು’ ಬೇಕಾಗುವುದಿಲ್ಲ. ಮಲಗಿದ್ದವಳು ಎದ್ದಳು, ಆ ಓಟದಲ್ಲೇ ಬಾಗಿಲಿಗೆ ಬಂದಳು. ಆ ವೇಗ ಹೆಸರಿನಲ್ಲೇ ಇದೆ.

ಈ ‘ಜಿ’ ದೊಡ್ಡ ತತ್ವದ ಪದ ಏನಲ್ಲ. ಯೊರುಬಾ ಮನೆಗಳಲ್ಲಿ ಬೆಳಿಗ್ಗೆ ಎದುರಾದವರನ್ನು ‘ಷೆ ಓ ಜಿ ದಾದಾ?’ ಅಂತ ಕೇಳುತ್ತಾರೆ. ‘ಚೆನ್ನಾಗಿ ಎದ್ದೆಯಾ?’ ಅಂತ ಅರ್ಥ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಬಾಯಲ್ಲಿ ಬರುವ ಆ ‘ಜಿ’ಯೇ ಈ ಹೆಸರಿನ ನಡುವೆ ಕೂತಿದೆ. ತೀರಿಕೊಂಡ ಅಜ್ಜಿ ಎಲ್ಲಿಗೂ ಹೋಗಿರಲಿಲ್ಲ, ಮಲಗಿದ್ದಳು, ಈಗ ಬೆಳಗಾಯಿತು. ಹೆಸರು ಹೇಳುವುದು ಇಷ್ಟನ್ನೇ.

ಹೌದು, ತೀರಿಕೊಂಡ ಅಜ್ಜಿ. ಪಟ್ಟಿ ಬಿಟ್ಟುಬಿಟ್ಟಿದ್ದು ಇದನ್ನೇ. ಈ ಹೆಸರಿನ ‘ಅವ್ವ’ ಮಗುವನ್ನು ಹೆತ್ತವಳಲ್ಲ. ಸಾಮಾನ್ಯವಾಗಿ ಅವಳು ಅಪ್ಪನ ತಾಯಿ ಅಥವಾ ಅಮ್ಮನ ತಾಯಿ. ವಾಕ್ಯ ಹೇಳುತ್ತಿರುವುದು ಮಗುವಲ್ಲ, ಹೆಸರಿಡುವವರು. ‘ನಮ್ಮವ್ವ ಎದ್ದು ಬಂದಳು’ ಅಂತ ಮಗುವಿನ ಅಪ್ಪನೋ ಅಮ್ಮನೋ ಹೇಳುತ್ತಿದ್ದಾರೆ. ಮನೆಯ ಹಿರಿಯ ಹೆಂಗಸು ತೀರಿಕೊಂಡ ಮೇಲೆ ಆ ಮನೆಯಲ್ಲಿ ಹೆಣ್ಣು ಮಗು ಹುಟ್ಟಿದರೆ ಮಾತ್ರ ಈ ಹೆಸರಿಗೆ ಜಾಗ. ಗಂಡು ಮಗುವಿಗೆ ಇದೇ ಅಚ್ಚಿನಲ್ಲಿ ಬಾಬಾಜಿಡೆ, ‘ಅಪ್ಪ ಎದ್ದು ಬಂದ’.

ಇದೊಂದೇ ಹೆಸರಲ್ಲ, ಇದಕ್ಕೆ ಅಕ್ಕತಂಗಿಯರಿದ್ದಾರೆ. ನೈಜೀರಿಯಾದಲ್ಲಿ ಜಾಸ್ತಿ ಕೇಳಿಬರುವುದು ಯೆತುಂಡೆ. ‘ತುನ್’ ಅಂದರೆ ಮತ್ತೆ. ‘ಅವ್ವ ಮತ್ತೆ ಬಂದಳು.’ ಇನ್ನೊಂದು ಇಯಾಬೊ. ಇದರ ‘ಬೊ’ ಅಂದರೆ ಹೊರಟ ಜಾಗಕ್ಕೇ ವಾಪಸ್ಸು ಬರುವುದು. ಸಂತೆಗೆ ಹೋದವಳು ಮನೆಗೆ ಮರಳುವ ಹಾಗೆ. ಮತ್ತೊಂದು ಯೆವಾಂಡೆ, ‘ಅವ್ವ ನನ್ನನ್ನು ಹುಡುಕಿಕೊಂಡು ಬಂದಳು’. ನನಗೆ ಈ ಯೆವಾಂಡೆಯನ್ನು ಮೊದಲ ಸಲ ಬಿಡಿಸಿ ನೋಡಿದಾಗ ಗಂಟಲು ಕಟ್ಟಿತು. ತಾಯಿ ಕಳೆದುಕೊಂಡ ಮಗಳು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸನ್ನು ನೋಡಿ ‘ನನ್ನನ್ನು ಹುಡುಕಿಕೊಂಡು ಬಂದೆಯಾ’ ಅನ್ನುವುದು, ಅದನ್ನೇ ಹೆಸರಾಗಿ ಇಡುವುದು. ನಡೆದದ್ದು ನಾಲ್ಕೂ ಮನೆಯಲ್ಲಿ ಒಂದೇ. ಅದನ್ನು ಹೇಳುವ ಕ್ರಿಯಾಪದ ಮಾತ್ರ ಬೇರೆ. ಒಬ್ಬರಿಗೆ ಅದು ಮರಳಿ ಬಂದ ಹಾಗೆ, ಒಬ್ಬರಿಗೆ ಹುಡುಕಿಕೊಂಡು ಬಂದ ಹಾಗೆ, ಯೆಜಿಡೆ ಇಟ್ಟವರಿಗೆ ನಿದ್ದೆಯಿಂದ ಎದ್ದ ಹಾಗೆ. ಯೆತುಂಡೆ, ಇಯಾಬೊ ಊರೂರಲ್ಲಿ ಸಿಗುತ್ತಾರೆ. ಯೆಜಿಡೆ ಅವರಿಗಿಂತ ತೀರ ಅಪರೂಪ.

ಇದೇ ಗುಂಪಿನ ಗಂಡು ಹೆಸರು ಬಾಬಾತುಂಡೆ, ‘ಅಪ್ಪ ಮತ್ತೆ ಬಂದ’. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಪಶ್ಚಿಮ ಆಫ್ರಿಕಾದ ಡೋಲಿನ ನಾದವನ್ನು ಅಮೆರಿಕಕ್ಕೆ ಪರಿಚಯಿಸಿದ ಬಾಬಾತುಂಡೆ ಒಲಾತುಂಜಿ 1927ರಲ್ಲಿ ಲೇಗೋಸ್ ಹತ್ತಿರದ ಅಜಿಡೊ ಎಂಬ ಊರಿನಲ್ಲಿ ಹುಟ್ಟಿದರು. ಅವರು ಹುಟ್ಟುವ ಎರಡು ತಿಂಗಳ ಮುಂಚೆ ಅವರ ತಂದೆ ತೀರಿಕೊಂಡಿದ್ದರು. ಹಾಗಾಗಿ ಆ ಹೆಸರು. ಅವರ ಹೆಸರು ಕೇಳಿದ ಯೊರುಬಾದವರಿಗೆ ಆ ಮನೆಯಲ್ಲಿ ಏನಾಗಿತ್ತು ಅಂತ ಯಾರೂ ಹೇಳಬೇಕಾಗಿಲ್ಲ.

ಸತ್ತವರು ಮತ್ತೆ ಹುಟ್ಟುವುದು ನಮಗೆ ಹೊಸದಲ್ಲ. ಆದರೆ ಇಲ್ಲಿ ಅವಸರ ಮಾಡಿ ‘ಓಹೋ, ನಮ್ಮ ಪುನರ್ಜನ್ಮ’ ಅಂದುಬಿಡಬಾರದು. ಎರಡಕ್ಕೂ ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಮುಂದಿನ ಜನ್ಮ ಅಂದರೆ ಕರ್ಮದ ಲೆಕ್ಕ. ಎಲ್ಲಿ ಹುಟ್ಟುತ್ತೇವೋ, ಏನಾಗಿ ಹುಟ್ಟುತ್ತೇವೋ ಗೊತ್ತಿಲ್ಲ. ಮತ್ತೆ ಮತ್ತೆ ಹುಟ್ಟುವುದರಿಂದ ಬಿಡಿಸಿಕೊಳ್ಳುವುದೇ ಮೋಕ್ಷ. ಯೊರುಬಾದಲ್ಲಿ ಅಜ್ಜಿ ಬರುವುದು ತನ್ನದೇ ಮನೆಗೆ, ತನ್ನದೇ ವಂಶಕ್ಕೆ. ಅದು ಶಿಕ್ಷೆಯಲ್ಲ, ಪ್ರೀತಿ. ಇನ್ನೂ ಒಂದು ಸೋಜಿಗ ಇದೆ. ಒಬ್ಬ ಅಜ್ಜಿ ಮೂರು ಮಕ್ಕಳ ಮನೆಯಲ್ಲಿ ಮೂರು ಮೊಮ್ಮಕ್ಕಳಾಗಿ ಬರಬಹುದು. ಅದೇ ಹೊತ್ತಿಗೆ ‘ಒರುನ್’ ಎಂಬ ಆಚೆಲೋಕದಲ್ಲಿ ಹಿರಿಯಳಾಗಿ ಕೂತು ಮನೆಯವರನ್ನು ಕಾಯುತ್ತಲೂ ಇರಬಹುದು. ಅವಳು ಪೂರ್ತಿ ಖಾಲಿಯಾಗಿ ಬರುವುದಿಲ್ಲ, ತನ್ನದೊಂದು ಪಾಲು ಕಳಿಸುತ್ತಾಳೆ. ‘ಲೋಕ ಸಂತೆ, ಒರುನ್ ಮನೆ’ ಅನ್ನುವುದು ಅವರ ಗಾದೆ. ಸಂತೆಗೆ ಎಷ್ಟು ಸಲ ಬೇಕಾದರೂ ಬಂದು ಹೋಗಬಹುದಲ್ಲ.

ಯಾರು ಬಂದಿದ್ದಾರೆ ಅಂತ ತಿಳಿಯುವುದು ಹೇಗೆ? ಒಂದು ದಾರಿ, ಕಾಲ. ಅಜ್ಜಿ ಹೋದ ಮೇಲೆ ಮೊದಲು ಹುಟ್ಟಿದ ಹೆಣ್ಣು ಮಗು. ಇನ್ನೊಂದು, ಮೈಮೇಲಿನ ಗುರುತು, ಮುಖದ ಹೋಲಿಕೆ. ಹಳೆಯ ಪದ್ಧತಿಯ ಮನೆಗಳಲ್ಲಿ ಇಫಾ ಕಣಿಯನ್ನೂ ಕೇಳುತ್ತಾರೆ. ಕಣಿ ಹೇಳುವವನಿಗೆ ಬಬಲಾವೊ ಅನ್ನುತ್ತಾರೆ. 16 ತಾಳೆಬೀಜಗಳನ್ನು ಕೈಯಿಂದ ಕೈಗೆ ಹಾಕಿ, ಉಳಿದ ಬೀಜ ಎಣಿಸಿ, ಹಲಗೆಯ ಮೇಲಿನ ಪುಡಿಯಲ್ಲಿ ಗೆರೆ ಎಳೆಯುತ್ತಾನೆ. ಹಾಗೆ ಬೀಳುವ ಗುರುತುಗಳು ಒಟ್ಟು 256. ಒಂದೊಂದಕ್ಕೂ ಸೇರಿದ ಪದ್ಯಗಳು ಅವನ ಬಾಯಲ್ಲಿರಬೇಕು. ಯುನೆಸ್ಕೊ 2005ರಲ್ಲಿ ಈ ಇಫಾ ಪರಂಪರೆಯನ್ನು ಗುರುತಿಸಿ ಗೌರವಿಸಿತು.

‘ತಾಯಿಯ ಪ್ರತಿರೂಪ’ ಅನ್ನುವ ಅರ್ಥ ಎಲ್ಲಿಂದ ಬಂದಿರಬಹುದು ಅಂತ ಈಗ ಊಹಿಸಬಹುದು. ಅಜ್ಜಿಯ ಮುಖವೇ ಬಂದಿದೆ ಅನ್ನುವ ಮಾತು ಹೆಸರಿನ ಹಿಂದೆ ಇದ್ದೇ ಇರುತ್ತದೆ. ಯಾರೋ ಆ ಮಾತನ್ನೇ ಅರ್ಥ ಅಂತ ಬರೆದುಕೊಂಡಿರಬೇಕು. ಆದರೆ ಹೆಸರಿನೊಳಗೆ ಮುಖವೂ ಇಲ್ಲ, ರೂಪವೂ ಇಲ್ಲ. ಇರುವುದು ಎರಡು ಕ್ರಿಯಾಪದ. ಅವೆರಡನ್ನೂ ತೆಗೆದುಬಿಟ್ಟರೆ ಅಜ್ಜಿಯ ಸಾವೂ ಹೋಯಿತು, ಅವಳು ಬಂದದ್ದೂ ಹೋಯಿತು. ಉಳಿದದ್ದು ಒಂದು ಚಂದದ ಚಿತ್ರ ಅಷ್ಟೇ.

ಯೊರುಬಾದವರಲ್ಲಿ ಹೆಸರುಗಳಿಗೆ ಜಾತಿ-ಜಾತಿಯೇ ಇದೆ. ಒಂದು ಬಗೆಗೆ ‘ಅಮುತೊರುನ್‌ವಾ’ ಅನ್ನುತ್ತಾರೆ, ಅಂದರೆ ಆಚೆಲೋಕದಿಂದಲೇ ತಂದದ್ದು. ಇದನ್ನು ಅಪ್ಪ ಅಮ್ಮ ಆರಿಸುವುದಿಲ್ಲ. ಹುಟ್ಟಿದ ರೀತಿಯೇ ಹೆಸರು ಹೇಳಿಬಿಡುತ್ತದೆ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಹುಟ್ಟಿದ ಹೆಣ್ಣು ಐನಾ, ಗಂಡಾದರೆ ಓಜೊ. ಕಾಲು ಮುಂದಾಗಿ ಹುಟ್ಟಿದರೆ ಇಗೆ. ತಲೆಗೂದಲು ಗಂಟುಗಂಟಾಗಿದ್ದರೆ ದಾದಾ. ಮುಖ ಕೆಳಗೆ ಮಾಡಿ ಹುಟ್ಟಿದರೆ ಅಜಾಯಿ. ಅವಳಿಗಳಲ್ಲಿ ಮೊದಲು ಹೊರಬಂದದ್ದು ಟೈವೊ, ‘ಲೋಕದ ರುಚಿ ನೋಡಿದ್ದು’. ಎರಡನೆಯದು ಕೆಹಿಂಡೆ, ‘ಹಿಂದೆ ಬಂದದ್ದು’. ತಮಾಷೆ ಅಂದರೆ ಅವರಲ್ಲಿ ಕೆಹಿಂಡೆಯೇ ದೊಡ್ಡವರು. ‘ಹೋಗಿ ಲೋಕ ಹೇಗಿದೆ ನೋಡ್ಕೊಂಡು ಬಾ’ ಅಂತ ಚಿಕ್ಕವರನ್ನು ಮುಂದೆ ಕಳಿಸಿದ್ದು ಅವರೇ ಅಂತೆ. ಅವಳಿಗಳ ನಂತರ ಹುಟ್ಟಿದ ಮಗು ಇದೊವು. ಯೊರುಬಾ ನಾಡಿನಲ್ಲಿ ಅವಳಿಗಳು ಲೋಕದ ಬೇರೆ ಕಡೆಗಿಂತ ಬಹಳ ಜಾಸ್ತಿ. ಓಯೊ ರಾಜ್ಯದ ಇಗ್ಬೊ-ಒರಾ ಎಂಬ ಊರು ಅವಳಿಗಳ ಊರು ಅಂತಲೇ ಹೆಸರಾಗಿದೆ. ಹಾಗಾಗಿ ಈ ಹೆಸರುಗಳು ಬೀದಿಗೊಂದು ಸಿಗುತ್ತವೆ.

ಎರಡನೆಯ ಬಗೆ ‘ಅಬಿಸೊ’, ಅಂದರೆ ಹುಟ್ಟಿದ ಮೇಲೆ ಇಟ್ಟದ್ದು. ಇದರಲ್ಲಿ ಮನೆಯ ಸುದ್ದಿ, ದೇವರು, ಆಸೆ, ದುಃಖ ಎಲ್ಲ ಬರುತ್ತದೆ. ದಾರಿಯಲ್ಲಿ ಹುಟ್ಟಿದ ಮಗು ಅಬಿಯೊನಾ. ಅಪ್ಪ ಊರಿನಲ್ಲಿ ಇಲ್ಲದಾಗ ಹುಟ್ಟಿದ್ದು ಅಬಿಡೆಮಿ. ಯೆಜಿಡೆ, ಯೆತುಂಡೆ ಇವೆರಡರ ನಡುವೆ ನಿಲ್ಲುತ್ತವೆ ಅಂತ ನನಗೆ ಅನಿಸುತ್ತದೆ. ವಾಕ್ಯ ಕಟ್ಟಿದ್ದು ಮನೆಯವರು. ಆದರೆ ಕಟ್ಟುವ ಹಾಗೆ ಮಾಡಿದ್ದು ಮಗು ಬಂದ ಹೊತ್ತು.

ದುಃಖದ ಹೆಸರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ತೀರಿಕೊಂಡರೆ, ಒಂದೇ ಮಗು ಬಂದು ಬಂದು ಹೋಗುತ್ತಿದೆ ಅಂತ ನಂಬುತ್ತಿದ್ದರು. ಅಂಥ ಮಗುವಿಗೆ ‘ಅಬಿಕು’ ಅನ್ನುತ್ತಾರೆ, ‘ಸಾಯಲೆಂದೇ ಹುಟ್ಟಿದ್ದು’. ಅದನ್ನು ಉಳಿಸಿಕೊಳ್ಳಲು ಹೆಸರಿನಲ್ಲೇ ಅಂಗಲಾಚುತ್ತಿದ್ದರು. ಮಾಲೊಮೊ, ‘ಇನ್ನು ಹೋಗಬೇಡ’. ಡುರೊಜಾಯೆ, ‘ನಿಲ್ಲು, ಬದುಕಿನ ಸುಖ ಉಣ್ಣು’. ಕೊಸೊಕೊ, ‘ಗುದ್ದಲಿ ಇಲ್ಲ’. ಅಂದರೆ ಹೂಳುವುದಕ್ಕೆ ಮನೆಯಲ್ಲಿ ಗುದ್ದಲಿ ಉಳಿದಿಲ್ಲ, ಹಾಗಾಗಿ ನೀನು ಸಾಯುವಂತಿಲ್ಲ. ಆ ಹೆಸರಿನವನೇ ಒಬ್ಬ 1845ರಿಂದ 1851ರ ತನಕ ಲೇಗೋಸಿನ ದೊರೆಯಾಗಿದ್ದ. ನಮ್ಮಲ್ಲೂ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಅಂತ ಕರೆಯುತ್ತಿದ್ದರಲ್ಲ, ಆ ಸಂಕಟವೇ ಇದು.

ಮುಖ ಕೆಳಗೆ ಮಾಡಿ ಹುಟ್ಟಿದ ಒಬ್ಬ ಅಜಾಯಿಯ ಕಥೆಯನ್ನು ಇಲ್ಲಿ ಹೇಳಬೇಕು. ಯೊರುಬಾ ಹೆಸರುಗಳನ್ನು ನಾವು ಇವತ್ತು ಬರಹದಲ್ಲಿ ಓದುತ್ತಿರುವುದಕ್ಕೆ ಅವನೂ ಒಂದು ಕಾರಣ. ಅವನು ಒಸೊಗುನ್ ಎಂಬ ಊರಿನ ಹುಡುಗ. 1821ರಲ್ಲಿ ಊರಿನ ಮೇಲೆ ದಾಳಿ ಆಯಿತು. ಹನ್ನೆರಡು ಹದಿಮೂರು ವರ್ಷದ ಅವನನ್ನು ಹಿಡಿದು, ಕೈಯಿಂದ ಕೈಗೆ ಮಾರಿ, ಕೊನೆಗೆ ಪೋರ್ಚುಗೀಸರ ಗುಲಾಮರ ಹಡಗಿಗೆ ಹತ್ತಿಸಿದರು. 1822ರಲ್ಲಿ ಬ್ರಿಟಿಷ್ ನೌಕಾಪಡೆ ಆ ಹಡಗನ್ನು ತಡೆದು, ಅದರಲ್ಲಿದ್ದವರನ್ನು ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಇಳಿಸಿತು. ಅಲ್ಲಿ ಓದಿ, ಕ್ರೈಸ್ತನಾಗಿ, ಅವನು ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಆದ. 1843ರಲ್ಲಿ ಯೊರುಬಾ ಪದಕೋಶ ಪ್ರಕಟಿಸಿದ. ಮುಂದೆ ಬೈಬಲನ್ನು ಯೊರುಬಾಕ್ಕೆ ತರುವ ಕೆಲಸದಲ್ಲಿ ಮುಂದಾಳಾದ. 1864ರಲ್ಲಿ ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್ ಆದ.

1846ರಲ್ಲಿ ಅಬೆಯೊಕುಟಾದಲ್ಲಿ ಕೆಲಸ ಮಾಡುತ್ತಿದ್ದಾಗ ಕ್ರೌಥರಿಗೆ ತನ್ನ ತಾಯಿ ಸಿಕ್ಕಳು. ದಾಳಿಯಲ್ಲಿ ಬೇರೆಯಾಗಿ 25 ವರ್ಷ ಆಗಿತ್ತು. ಇಬ್ಬರೂ ಇನ್ನೊಬ್ಬರು ಇಲ್ಲ ಅಂದುಕೊಂಡೇ ಬದುಕಿದ್ದರು. ಅವಳಿಗೆ 1848ರಲ್ಲಿ ದೀಕ್ಷಾಸ್ನಾನ ಆಯಿತು. ಹನ್ನಾ ಅಂತ ಹೆಸರಿಟ್ಟರು. ಬೈಬಲಿನಲ್ಲಿ ಸ್ಯಾಮ್ಯುಯೆಲನ ತಾಯಿಯ ಹೆಸರು ಹನ್ನಾ. ಮಗನ ಹೆಸರಿಗೆ ಹೊಂದುವ ಹೆಸರನ್ನು ತಾಯಿಗೆ ಇಟ್ಟದ್ದು! ಹೆಸರಿಟ್ಟ ಮನೆಯನ್ನು ನೋಡಿದರೆ ಮಾತ್ರ ಇದು ಕಾಣುತ್ತದೆ. ಬರೀ ‘ಹನ್ನಾ, ಹೀಬ್ರೂ ಹೆಸರು, ಅರ್ಥ ಕೃಪೆ’ ಅಂತ ಪಟ್ಟಿಯಲ್ಲಿ ಓದಿದರೆ ಈ ತಾಯಿ ಮಗ ಎಲ್ಲಿ ಸಿಗಬೇಕು?

ಅಜಾಯಿಯ ಹಾಗೆ ತಡೆದ ಹಡಗುಗಳಿಂದ ಬಿಡುಗಡೆಯಾದವರ ಹೆಸರುಗಳನ್ನು ಫ್ರೀಟೌನ್ ಮತ್ತು ಹವಾನಾದಲ್ಲಿ ಗುಮಾಸ್ತರು ದಫ್ತರದಲ್ಲಿ ಬರೆದಿಟ್ಟರು. ಕಿವಿಗೆ ಬಿದ್ದ ಹಾಗೆ, ದುಭಾಷಿ ಹೇಳಿದ ಹಾಗೆ ಬರೆದರು. ಕಾಗುಣಿತ ಎಲ್ಲ ಹೆಚ್ಚುಕಡಿಮೆ. ಅಂಥ 91 ಸಾವಿರಕ್ಕೂ ಹೆಚ್ಚು ಜನರ ವಿವರ ಇವತ್ತು ‘ಆಫ್ರಿಕನ್ ಒರಿಜಿನ್ಸ್’ ಎಂಬ ದತ್ತಾಂಶದಲ್ಲಿ ಸಿಗುತ್ತದೆ. ಹೆಸರು, ಅಂದಾಜು ವಯಸ್ಸು, ಗಂಡೋ ಹೆಣ್ಣೋ, ಹಡಗು ಹತ್ತಿದ ಜಾಗ. ಯಾವ ಊರು, ಯಾವ ಮಾತು ಅಂತ ತಿಳಿಯಲು ಹೆಚ್ಚಿನವರ ವಿಷಯದಲ್ಲಿ ಹೆಸರೊಂದೇ ದಾರಿ. ಐನಾ ಅಂತ ಬರೆದಿದ್ದರೆ ಅವಳು ಯೊರುಬಾ ಹುಡುಗಿ ಇರಬೇಕು, ಹುಟ್ಟುವಾಗ ಕೊರಳಿಗೆ ಬಳ್ಳಿ ಸುತ್ತಿತ್ತು. ಮನೆ, ಊರು, ಬಂಧು ಎಲ್ಲ ಕಿತ್ತುಕೊಂಡ ಮೇಲೂ ಸೂಲಗಿತ್ತಿ ಕಂಡ ಆ ಒಂದು ಗಳಿಗೆ ಗುಮಾಸ್ತನ ಪುಸ್ತಕದಲ್ಲಿ ಉಳಿದುಕೊಂಡಿತು.

ಉಚ್ಚಾರದ ಬಗ್ಗೆಯೂ ಹೇಳಬೇಕು, ಯಾಕೆಂದರೆ ನಮ್ಮ ಲಿಪಿಯಲ್ಲಿ ಈ ಹೆಸರು ಪೂರ್ತಿ ಬರುವುದಿಲ್ಲ. ಯೊರುಬಾದಲ್ಲಿ ಸ್ವರದ ಏರಿಳಿತವೇ ಅರ್ಥ ಕೊಡುತ್ತದೆ. ಮೇಲು, ನಡು, ಕೆಳಗು ಅಂತ ಮೂರು ಸ್ತರ. ‘ಒಕೊ’ ಅನ್ನುವುದನ್ನು ನಡುಸ್ವರದಲ್ಲೇ ಹೇಳಿದರೆ ಗಂಡ. ಕೊನೆ ಮೇಲೇರಿದರೆ ಗುದ್ದಲಿ. ಕೊನೆ ಕೆಳಗಿಳಿದರೆ ಗಾಡಿ. ಎರಡೂ ಕೆಳಗಿದ್ದರೆ ಈಟಿ. ಯೆಜಿಡೆಯಲ್ಲಿ ‘ಜಿ’, ‘ಡೆ’ ಎರಡೂ ಮೇಲುಸ್ವರ. ‘ಡೆ’ ಮೇಲಿದ್ದರೆ ಬಂದು ಸೇರು. ಅದನ್ನೇ ಕೆಳಗಿಳಿಸಿದರೆ ಕಟ್ಟಿಹಾಕು ಅಂತ ಆಗಿಬಿಡುತ್ತದೆ. ನಾವು ವಾಕ್ಯದ ಕೊನೆಯಲ್ಲಿ ಸಹಜವಾಗಿ ದನಿ ಇಳಿಸುತ್ತೇವೆ. ಈ ಹೆಸರು ಕರೆಯುವಾಗ ಇಳಿಸಬಾರದು, ಯಾರನ್ನೋ ದೂರದಿಂದ ಕೂಗಿದ ಹಾಗೆ ಮೇಲೆಯೇ ಬಿಡಬೇಕು.

ಸ್ವರದಲ್ಲೇ ಅರ್ಥ ಇರುವುದರಿಂದ ಯೊರುಬಾದವರು ಹೆಸರನ್ನು ಡೋಲಿನಲ್ಲೂ ಕರೆಯುತ್ತಾರೆ. ‘ದುಂದುನ್’ ಅಂತ ಒಂದು ವಾದ್ಯ ಇದೆ. ನಮ್ಮ ಡಮರುವಿನ ಆಕಾರ, ಅದಕ್ಕಿಂತ ದೊಡ್ಡದು. ಕಂಕುಳಲ್ಲಿ ಇಟ್ಟುಕೊಂಡು, ಪಕ್ಕದ ಚರ್ಮದ ದಾರಗಳನ್ನು ಅದುಮಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಬಾಗಿದ ಕೋಲಿನಿಂದ ಬಾರಿಸುತ್ತಾ ಮಾತಿನ ಏರಿಳಿತವನ್ನೇ ನುಡಿಸುತ್ತಾರೆ. ಹಬ್ಬದ ದಿನ ಮನೆಗೆ ಬಂದವರ ಹೆಸರು, ವಂಶದ ಹೊಗಳಿಕೆ ಎಲ್ಲ ಅದರಲ್ಲಿ ಬರುತ್ತದೆ. ಕೇಳಿದವರು ‘ನನ್ನನ್ನೇ ಕರೀತಿದ್ದಾನೆ’ ಅಂತ ತಿರುಗಿ ನೋಡುತ್ತಾರೆ.

ಇನ್ನು ನಾಮಕರಣ. ಹಿಂದೆ ಹೆಣ್ಣಿಗೆ 7ನೇ ದಿನ, ಗಂಡಿಗೆ 9ನೇ ದಿನ, ಅವಳಿಗಳಿಗೆ 8ನೇ ದಿನ ಅಂತ ಇತ್ತು. ಈಗ ಹೆಚ್ಚಾಗಿ ಎಲ್ಲರಿಗೂ 8ನೇ ದಿನ. 19ನೇ ಶತಮಾನದ ಕೊನೆಯ ಹೊತ್ತಿನ ಒಂದು ವಿವರಣೆ ನನಗೆ ಬಹಳ ಇಷ್ಟ. ಆಗ ಮನೆಗಳ ಸೂರು ತಗ್ಗು. ಒಂದು ಮಡಕೆ ನೀರನ್ನು ಸೂರಿನ ಮೇಲಕ್ಕೆ ಎರಚುತ್ತಿದ್ದರು. ಹಿರಿಯ ಹೆಂಗಸೊಬ್ಬಳು ಕೂಸನ್ನು ಎತ್ತಿಕೊಂಡು ಆ ಸೂರಿನ ಕೆಳಗೆ ನಿಲ್ಲುತ್ತಿದ್ದಳು. ಸೂರಿನಿಂದ ತೊಟ್ಟಿಕ್ಕಿದ ತಣ್ಣೀರು ಕೂಸಿನ ಮೈಗೆ ಬೀಳುತ್ತಿತ್ತು. ಕೂಸು ಕಿಟಾರನೆ ಕಿರುಚುತ್ತಿತ್ತು. ಸೇರಿದವರೆಲ್ಲ ‘ಹೋ’ ಅಂತ ಖುಷಿಯಿಂದ ಕೂಗುತ್ತಿದ್ದರು. ಅತ್ತಿತು, ಅಂದರೆ ಲೋಕಕ್ಕೆ ಬಂದಿತು.

ಈಗಲೂ ನಾಮಕರಣದ ದಿನ ಬಟ್ಟಲುಗಳಲ್ಲಿ ನೀರು, ಜೇನು, ಉಪ್ಪು, ತಾಳೆಎಣ್ಣೆ, ಕೋಲಾ ಬೀಜ ಇಟ್ಟು, ಒಂದೊಂದನ್ನೂ ಕೂಸಿನ ತುಟಿಗೆ ಮುಟ್ಟಿಸಿ ಹರಸುತ್ತಾರೆ. ಇಲ್ಲೂ ಮಾತಿನ ಆಟ ಇದೆ. ಕೋಲಾ ಬೀಜಕ್ಕೆ ‘ಒಬಿ’. ‘ಬಿ’ ಅಂದರೆ ತಳ್ಳು. ಹಾಗಾಗಿ ‘ಒಬಿ ಸಾವನ್ನು ದೂರ ತಳ್ಳಲಿ’. ಇನ್ನೊಂದು ಕಹಿ ಬೀಜ ‘ಒರೊಗ್ಬೊ’. ‘ಗ್ಬೊ’ ಅಂದರೆ ಹಣ್ಣಾಗುವಷ್ಟು ಬಾಳು. ‘ಒರೊಗ್ಬೊ ತಿಂದವಳು ಮುಪ್ಪು ಕಾಣಲಿ’. ನೀರಿಗೆ ಮಾತ್ರ ಆಟ ಬೇಡ. ನೀರಿನ ಜೊತೆ ಯಾರೂ ಹಗೆ ಕಟ್ಟಿಕೊಳ್ಳುವುದಿಲ್ಲ, ನಿನ್ನ ಜೊತೆಯೂ ಕಟ್ಟಿಕೊಳ್ಳದಿರಲಿ ಅನ್ನುತ್ತಾರೆ. ಆಮೇಲೆ ಅಜ್ಜ, ಅಜ್ಜಿ, ಅತ್ತೆ, ಮಾವ ಒಬ್ಬೊಬ್ಬರೇ ಬಂದು ಬಟ್ಟಲಿಗೆ ಕಾಸು ಹಾಕಿ ತಮ್ಮದೊಂದು ಹೆಸರು ಇಡುತ್ತಾರೆ. ಒಂದು ಮಗುವಿಗೆ ಹತ್ತು ಹನ್ನೆರಡು ಹೆಸರಾದರೂ ಆಶ್ಚರ್ಯವಿಲ್ಲ.

ಅದರಲ್ಲಿ ಒಂದು ‘ಒರಿಕಿ’, ಮುದ್ದಿನ ಹೆಸರು. ಹುಡುಗಿಯರ ಒರಿಕಿ ಬಹಳಷ್ಟು ‘ಕೆ’ಯಲ್ಲಿ ಮುಗಿಯುತ್ತದೆ. ‘ಕೆ’ ಅಂದರೆ ಮುದ್ದಿಸು, ಅಕ್ಕರೆಯಿಂದ ಸಾಕು. ಅಜೊಕೆ, ಎಲ್ಲರೂ ಸೇರಿ ಮುದ್ದಿಸುವವಳು. ಅಷಾಕೆ, ಆರಿಸಿಕೊಂಡು ಮುದ್ದಿಸಿದವಳು. ಅದುಕೆ, ನಾನು ತಾನು ಅಂತ ಪೈಪೋಟಿಯಲ್ಲಿ ಮುದ್ದಿಸುವವಳು. ಅಳುವ ಮಗುವನ್ನು ಸುಮ್ಮನಾಗಿಸುವಾಗ, ಮುನಿಸಿಕೊಂಡ ಮಗಳನ್ನು ಊಟಕ್ಕೆ ಕರೆಯುವಾಗ ಬರುವುದು ಈ ಹೆಸರು. ಹಾಗಾಗಿ ಒಬ್ಬಳೇ ಹುಡುಗಿ ಶಾಲೆಯಲ್ಲಿ ಯೆಜಿಡೆ, ಅಜ್ಜನ ಬಾಯಲ್ಲಿ ಅಜೊಕೆ.

ಇಷ್ಟೆಲ್ಲ ಒಳಗಿರುವ ಹೆಸರುಗಳು ಎರಡು ಸಾಲಿನ ಪಟ್ಟಿಗೆ ಇಳಿದದ್ದಕ್ಕೆ ಒಂದು ಇತಿಹಾಸವೂ ಇದೆ. ಅದನ್ನು ಹಗುರವಾಗಿ ಕಾಣಬಾರದು. 1960-70ರ ದಶಕಗಳಲ್ಲಿ ಅಮೆರಿಕದ ಕಪ್ಪು ಜನರು ಗುಲಾಮಗಿರಿಯಲ್ಲಿ ಕಳೆದುಹೋದ ಹೆಸರುಗಳ ಬದಲಿಗೆ ಆಫ್ರಿಕಾದ ಹೆಸರುಗಳನ್ನು ಹುಡುಕತೊಡಗಿದರು. ಮುತ್ತಜ್ಜಿ ಯಾವ ನಾಡಿನವಳು ಅಂತಲೇ ಗೊತ್ತಿಲ್ಲದವರಿಗೆ ಹೆಸರುಗಳ ಪಟ್ಟಿ ದೊಡ್ಡ ಆಸರೆಯಾಗಿತ್ತು. 1970ರಲ್ಲಿ ಸೌತ್ ಕ್ಯಾರೊಲೈನಾದಲ್ಲಿ ಒಯೊತುಂಜಿ ಅನ್ನುವ ಒಂದು ಊರನ್ನೇ ಯೊರುಬಾ ರೀತಿಯಲ್ಲಿ ಕಟ್ಟಿದರು. ‘ಓಯೊ ಮತ್ತೆ ಎದ್ದಿತು’ ಅಂತ ಅರ್ಥ. ನೋಡಿ, ನಮ್ಮ ‘ಜಿ’ ಇಲ್ಲೂ ಬಂತು, ‘ತುನ್’ ಕೂಡ ಬಂತು. ಟೆನಿಸ್ ಆಟಗಾರ್ತಿಯರಾದ ವೀನಸ್ ಮತ್ತು ಸೆರೀನಾ ವಿಲಿಯಮ್ಸ್ ಅವರ ದೊಡ್ಡ ಅಕ್ಕನ ಹೆಸರು ಯೆತುಂಡೆ. ಆಕೆ 2003ರಲ್ಲಿ ಗುಂಡೇಟಿಗೆ ಬಲಿಯಾದರು. ಹಿಂಸೆಗೆ ಸಿಕ್ಕವರಿಗೆ ನೆರವಾಗಲು ತಂಗಿಯರು ಕಾಂಪ್ಟನ್ನಿನಲ್ಲಿ 2016ರಲ್ಲಿ ಅಕ್ಕನ ಹೆಸರಿನಲ್ಲೇ ಒಂದು ಕೇಂದ್ರ ತೆರೆದರು. ಬಾಗಿಲ ಮೇಲೆ ‘ಮತ್ತೆ ಬಂದಳು’ ಅನ್ನುವ ಹೆಸರು.

ಅದೇ 2016ರಲ್ಲಿ ನೈಜೀರಿಯಾದ ಭಾಷಾತಜ್ಞ ಕೊಲಾ ತುಬೊಸುನ್ ಯೊರುಬಾ ಹೆಸರುಗಳಿಗೇ ಒಂದು ಅಂತರ್ಜಾಲ ನಿಘಂಟು ಶುರುಮಾಡಿದರು. ಅಲ್ಲಿ ಹೆಸರನ್ನು ತುಂಡು ತುಂಡು ಬಿಡಿಸಿ, ಸ್ವರದ ಗುರುತು ಹಾಕಿ ತೋರಿಸುತ್ತಾರೆ. ಹೇಗೆ ಹೇಳಬೇಕು ಅಂತ ಕೇಳಲೂಬಹುದು. ಯೊರುಬಾ ಹೆಸರಿನ ಅರ್ಥ ಬೇಕಾದವರು ಮೊದಲು ನೋಡಬೇಕಾದ್ದು ಅದು. ಆದರೂ ಯಾವ ನಿಘಂಟೂ ಹೇಳಲಾಗದ್ದು ಒಂದಿದೆ. ಯೊರುಬಾದವರ ಗಾದೆಯೇ ಅದನ್ನು ಹೇಳುತ್ತದೆ: ‘ಮನೆ ನೋಡಿ ಮಗುವಿಗೆ ಹೆಸರಿಡು’. ಹೆಸರು ಆರಿಸುವ ಮುಂಚೆ ಮನೆಯೊಳಗೆ ಏನು ನಡೆದಿದೆ, ಯಾರು ಇದ್ದಾರೆ, ಯಾರು ಇಲ್ಲ ಅಂತ ನೋಡಬೇಕು.

ಅಂಥ ಮನೆಯಲ್ಲಿ ಯೆಜಿಡೆ ಅಂತ ಹೆಸರಾದ ಮೇಲೆ ಏನಾಗುತ್ತದೆ ಅನ್ನುವುದೂ ಚಂದ. ಅಪ್ಪ ಮಗಳನ್ನು ‘ಇಯಾ ಮಿ’, ‘ನನ್ನವ್ವ’ ಅಂತ ಕರೆಯತೊಡಗುತ್ತಾನೆ. ಯೊರುಬಾದವರು ಮಕ್ಕಳಾದ ಹೆಂಗಸನ್ನು ಅವಳ ಹೆಸರು ಹಿಡಿದು ಕರೆಯುವುದಿಲ್ಲ, ಮೊದಲ ಮಗುವಿನ ತಾಯಿ ಅಂತ ಕರೆಯುತ್ತಾರೆ. ಹಾಗಾಗಿ ಹೆತ್ತವಳು ‘ಇಯಾ ಯೆಜಿಡೆ’ ಆಗುತ್ತಾಳೆ. ಎದ್ದು ಬಂದ ಅವ್ವನ ಅವ್ವ.

ಇದನ್ನೆಲ್ಲ ಹೇಳಲು ನಾನು ಪಕ್ಕದ ಮನೆಗೆ ಹೋದಾಗ ಮಗುವಿನ ಸ್ನಾನದ ಹೊತ್ತು. ಅಜ್ಜಿ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಮೊಣಕಾಲ ಕೆಳಗೆ ಬೋರಲು ಮಲಗಿಸಿಕೊಂಡಿದ್ದರು. ಒಂದು ಕೈಯಲ್ಲಿ ಬೆನ್ನು ತಿಕ್ಕುತ್ತಾ, ಇನ್ನೊಂದು ಕೈಯಲ್ಲಿ ಬಿಸಿನೀರು ಹುಯ್ಯುತ್ತಾ, ಬಾಗಿಲಲ್ಲಿ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಹೆಸರಿನ ಅರ್ಥ, ಯಾರಿಗೆ ಇಡುತ್ತಾರೆ, ಯಾವಾಗ ಇಡುತ್ತಾರೆ, ಎಲ್ಲ. ಬಾಣಂತಿ ಹುಡುಗಿ ಹೊಸ್ತಿಲ ಒಳಗಿಂದಲೇ ಮುಖ ಚಿಕ್ಕದು ಮಾಡಿಕೊಂಡು, ‘ಹಾಗಾದ್ರೆ ನಮ್ಮ ಪಾಪುಗೆ ಆಗಲ್ವಾ?’ ಅಂದಳು.

ನಾನು ಏನು ಹೇಳಬೇಕು ಅಂತ ಯೋಚಿಸುವುದರೊಳಗೆ ಅಜ್ಜಿ ಕೊನೆಯ ಚೊಂಬು ನೀರನ್ನು ಕೂಸಿನ ಬೆನ್ನ ಮೇಲೆ ನಿಧಾನವಾಗಿ ಸುರಿದರು. ಕೂಸು ಕಿಟಾರನೆ ಕಿರುಚಿತು. ‘ಬೇಡ ಬಿಡವ್ವ ಆ ಹೆಸರು’ ಅಂದರು ಅಜ್ಜಿ, ಅದನ್ನು ಸೀರೆಯ ಸೆರಗಿಗೆ ಎತ್ತಿಕೊಳ್ಳುತ್ತಾ. ‘ನಾನಿನ್ನೂ ಮಲಗೇ ಇಲ್ವಲ್ಲ.’